ಖಳರಲ್ಲಿ ಯಾರು ಮೇಲು? ಮುಂಬಯಿಯ ಕನ್ನಡ ಮನೆಯ ಚಾಪೆಯ ಮೇಲೆ ‘ಡಿಸ್ನಿ ವಿಲನಸ್’

ಪತ್ತನಾಜೆಗೆ, ಅಂದರೆ ತುಳುನಾಡಿನಲ್ಲಿ ಆಟದ ಋತು ಮುಗಿಯುವ ದಿನಕ್ಕೆ, ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರೆ. ಆಟ ನೋಡಿ ಕುರ್ಲಾದಲ್ಲೋ ಮಾಟುಂಗದಲ್ಲೋ ಲೋಕಲ್ ಹತ್ತಿದವರು ಡೊಂಬಿವಲಿ ಮುಟ್ಟುವ ತನಕ ಒಂದೇ ಚರ್ಚೆ: ಮಹಿಷಾಸುರ ದೊಡ್ಡ ಖಳನೋ, ರಕ್ತಬೀಜನೋ? ಒಬ್ಬರಿಗೆ ದೊಂದಿಯ ಬೆಳಕಲ್ಲಿ ಸಭೆಯ ನಡುವಿನಿಂದ ನುಗ್ಗಿ ಬರುವ ಕೋಣನ ಅಬ್ಬರ ಬೇಕು, ಇನ್ನೊಬ್ಬರಿಗೆ ರಕ್ತಬೀಜನ ಮಾತು ಬೇಕು. ಅದೇ ಮನೆಗಳ ಮಕ್ಕಳು ಡಿಸ್ನಿ ಚಿತ್ರಗಳ ಖಳರನ್ನು ಹಿಡಿದು, ಮಲೆಫಿಸೆಂಟ್, ಕ್ಯಾಪ್ಟನ್ ಹುಕ್, ಅರ್ಸುಲಾ ಎಂದು ಅಷ್ಟೇ ಬಿಸಿಯಾಗಿ ವಾದ ಮಾಡುತ್ತಾರೆ. ಹಿರಿಯರ ವಾದವೂ ಕಿರಿಯರ ವಾದವೂ ಒಂದೇ ಜಾತಿಯದು. ಎರಡನ್ನೂ ಒಂದೇ ಚಾಪೆಯ ಮೇಲೆ ಕೂರಿಸುವುದು ‘ಡಿಸ್ನಿ ವಿಲನಸ್’ ಎಂಬ ಬೋರ್ಡ್ ಗೇಮ್. ಜರ್ಮನಿಯ ರಾವೆನ್ಸ್‌ಬರ್ಗರ್ ಕಂಪನಿ 2018ರಲ್ಲಿ ಇದನ್ನು ತಂದಿತು, ರಚಿಸಿದ್ದು ಪ್ರಾಸ್ಪೆರೊ ಹಾಲ್ ಎಂಬ ವಿನ್ಯಾಸ ತಂಡ. ಇಬ್ಬರಿಂದ ಆರು ಮಂದಿ ಆಡಬಹುದು. ಡಬ್ಬಿಯ ಮೇಲೆ 10 ವರ್ಷ ಮೇಲ್ಪಟ್ಟವರಿಗೆ ಎಂದಿದೆ, ಅದು ಸರಿಯಾದ ಲೆಕ್ಕ.

ಈ ಆಟದ ಹೆಚ್ಚುಗಾರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಖಳ ಎಷ್ಟು ಬಲಶಾಲಿ ಎಂಬುದು ಮುಖ್ಯವಲ್ಲ, ಅವನಿಗೆ ಏನು ಬೇಕು ಎಂಬುದು ಮುಖ್ಯ. ಆರು ಖಳರಿಗೆ ಆರು ಬೇರೆ ಬೇರೆ ಗುರಿ, ಆರು ಬೇರೆ ಹಲಗೆ, ಎಲೆಗಳ (ಕಾರ್ಡುಗಳ) ಆರು ಬೇರೆ ಕಟ್ಟು. ಹೀರೋಗಳು ಬರುವುದೇ ಅಡ್ಡಗಾಲು ಹಾಕಲು. ಖಳನ ಕಡೆಯಿಂದ ಕಥೆ ನೋಡುವುದು ನಮಗೆ ಹೊಸದಲ್ಲ. ರನ್ನನ ದುರ್ಯೋಧನನನ್ನೂ ನಾಗಚಂದ್ರನ ರಾವಣನನ್ನೂ ಓದಿಕೊಂಡು ಬಂದ ಭಾಷೆ ನಮ್ಮದು. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವರು ಕೌರವನ ಪಕ್ಷವನ್ನು ಬಿಟ್ಟುಕೊಡುವುದಿಲ್ಲ. ಹಾಗೆ ಕೂರಬಲ್ಲವರಿಗೆ ಈ ಆಟ ಬೇಗ ಒಗ್ಗುತ್ತದೆ.

ಡಬ್ಬಿ ತೆರೆದ ಕೂಡಲೇ ಎಣಿಸಿ. ಖಳನ ಕಟ್ಟುಗಳು 6, ಒಂದೊಂದರಲ್ಲಿ 30 ಎಲೆ, ಒಟ್ಟು 180. ಎದುರಾಳಿಗಳು ನಿಮ್ಮ ಮೇಲೆ ಹೂಡುವ ವಿಧಿಯ ಕಟ್ಟುಗಳು 6, ಒಂದೊಂದರಲ್ಲಿ 15 ಎಲೆ, ಒಟ್ಟು 90. ಆರು ಹಲಗೆ, ಆರು ಕಾಯಿ, ಖಳನಿಗೊಂದರಂತೆ ಆರು ಕೈಪಿಡಿ, ಆಟದಲ್ಲಿ ದುಡ್ಡಿನಂತೆ ತೆರುವ ಶಕ್ತಿಯ ಬಿಲ್ಲೆಗಳು, ಅವನ್ನು ಹಾಕಿಡಲು ಒಂದು ಪುಟ್ಟ ಕೊಪ್ಪರಿಗೆ. ಒಂದು ಎಲೆ ಕಡಿಮೆಯಿದ್ದರೂ ಆ ಖಳನ ಆಟವೇ ಕೆಡಬಹುದು, ಏಕೆಂದರೆ ಬೀಗ ತೆರೆಯುವಂಥ ಎಲೆಗಳ ಮೇಲೆ ಇಡೀ ಗುರಿ ನಿಂತಿರುತ್ತದೆ. ಕೈ ಬದಲಾದ ಡಬ್ಬಿ ಕೊಳ್ಳುವವರಂತೂ ಹಣ ಕೊಡುವ ಮೊದಲೇ ಎಣಿಸಬೇಕು.

ಕಾಯಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಇವು ಕಣ್ಣು ಮೂಗು ಇರುವ ಗೊಂಬೆಗಳಲ್ಲ. ಖಳನ ವೇಷದ ಒಂದು ರೇಖೆ, ಒಂದು ಬಾಗು, ಒಂದು ಕೊಂಬು ಇಷ್ಟನ್ನೇ ಹಿಡಿದು ಮಾಡಿದ ಅಮೂರ್ತ ಆಕಾರಗಳು. ಕೆಲವು ಅಭಿಮಾನಿಗಳಿಗೆ ಇದು ಹಿಡಿಸುವುದಿಲ್ಲ, ಮುಖ ಬೇಕು ಎನ್ನುತ್ತಾರೆ. ನನ್ನ ಮಟ್ಟಿಗೆ ಇದೇ ಸರಿ. ಯಕ್ಷಗಾನದ ಬಣ್ಣದ ವೇಷದ ಕಿರೀಟದ ಅಂಚು ತೆರೆಯ ಮೇಲೆ ಕಂಡರೆ ಸಾಕು, ಯಾರು ಬಂದರೆಂದು ಸಭೆಗೆ ಗೊತ್ತಾಗುತ್ತದೆ. ಈ ಕಾಯಿಗಳೂ ಹಾಗೆಯೇ.

ಆಡುವ ಕ್ರಮ ಹೀಗೆ. ಪ್ರತಿ ಹಲಗೆಯಲ್ಲಿ ನಾಲ್ಕು ಜಾಗ, ಜಾಗಕ್ಕೆ ಹೆಚ್ಚೆಂದರೆ ನಾಲ್ಕು ಕೆಲಸ. ನಿಮ್ಮ ಸರದಿಯಲ್ಲಿ ಕಾಯಿಯನ್ನು ಬೇರೆ ಜಾಗಕ್ಕೆ ನಡೆಸಬೇಕು, ನಿಂತಲ್ಲೇ ನಿಲ್ಲುವಂತಿಲ್ಲ. ಹೋದ ಜಾಗದ ಕೆಲಸಗಳನ್ನು ಬೇಕಾದ ಕ್ರಮದಲ್ಲಿ, ಒಂದೊಂದನ್ನು ಒಮ್ಮೆ ಮಾಡಬಹುದು. ಕೊನೆಗೆ ಕೈಯಲ್ಲಿ ನಾಲ್ಕು ಎಲೆ ತುಂಬುವಷ್ಟು ಎಳೆದುಕೊಳ್ಳಬೇಕು. ಇಷ್ಟೇ. ಕೆಲಸಗಳು ಎಂಟು ಬಗೆ. ಎಲೆಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ, ಅಜ್ಜಿ ತಾತ ಜೊತೆಗೆ ಕೂರುವ ಮನೆಯಲ್ಲಿ ಈ ಎಂಟಕ್ಕೂ ಮೊದಲೇ ಒಂದೊಂದು ಕನ್ನಡ ಮಾತು ಗೊತ್ತು ಮಾಡಿಕೊಳ್ಳಿ: ಶಕ್ತಿ ಗಳಿಸು, ಎಲೆ ಆಡು, ಎಲೆ ಎಬ್ಬಿಸು, ವಿಧಿ ಕಳಿಸು, ಬಂಟನನ್ನೋ ವಸ್ತುವನ್ನೋ ಸರಿಸು, ಹೀರೋನನ್ನು ಸರಿಸು, ಕೆಡವು, ಎಲೆ ಬಿಸಾಡು. ಖಳನ ಸಹಾಯಕನಿಗೆ ‘ಬಂಟ’ ಎಂಬ ಹಳೆಯ ಪದಕ್ಕಿಂತ ಒಪ್ಪುವ ಮಾತು ಇಲ್ಲ. ವಿಧಿ ಎಂಬ ಪದವಂತೂ ಇಲ್ಲಿಗೇ ಹುಟ್ಟಿದಂತಿದೆ: ಎದುರಾಳಿಯ ವಿಧಿಯ ಕಟ್ಟಿನಿಂದ ಎರಡು ಎಲೆ ತೆಗೆದು, ಒಂದನ್ನು ಅವರ ಹಲಗೆಯ ಮೇಲೆ ಹೂಡಿ, ಇನ್ನೊಂದನ್ನು ಬಿಸಾಡುವುದು ಆ ಕೆಲಸ. ಬಂದ ಎಲೆ ಹೀರೋ ಆಗಿದ್ದರೆ ಅವನು ಆ ಜಾಗದ ಮೇಲಿನ ಎರಡು ಕೆಲಸಗಳನ್ನು ಮುಚ್ಚಿ ಕೂರುತ್ತಾನೆ. ಅವನನ್ನು ಕೆಡವಬೇಕಾದರೆ ಅದೇ ಜಾಗದಲ್ಲಿರುವ ಬಂಟರ ಬಲ ಕೂಡಿ ಅವನ ಬಲಕ್ಕೆ ಸಮನಾಗಬೇಕು ಇಲ್ಲವೇ ಮೀರಬೇಕು. ಕೆಡವಿದ ಬಂಟರೂ ಅವನ ಜೊತೆ ಹೋಗುತ್ತಾರೆ. ಹೊಸಬರು ಇಲ್ಲೇ ತಪ್ಪುತ್ತಾರೆ. ಬಲ 2ರ ಹೀರೋಗೆ ಬಲ 4ರ ಬಂಟನನ್ನು ತೆತ್ತು, ಆಮೇಲೆ ದೊಡ್ಡ ಹೀರೋ ಬಂದಾಗ ಕೈ ಖಾಲಿ.

ಕೆಡುವುದು ಎಲ್ಲಿ, ಏಕೆ ಎಂಬುದು ಇಲ್ಲಿಂದ ಶುರು. ಮೊದಲ ಆಟದಲ್ಲಿ ಬಹುತೇಕ ಎಲ್ಲ ಮನೆಗಳಲ್ಲೂ ನಡೆಯುವುದು ಒಂದೇ. ಪ್ರತಿಯೊಬ್ಬರೂ ತಮ್ಮ ಹಲಗೆಯಲ್ಲಿ ಮುಳುಗಿ, ಪಕ್ಕದವರ ಹಲಗೆಯ ಕಡೆ ತಲೆ ಎತ್ತುವುದಿಲ್ಲ. ವಿಧಿ ಕಳಿಸುವುದರಿಂದ ತಮಗೆ ನೇರ ಲಾಭ ಕಾಣದ ಕಾರಣ ಅದನ್ನು ಬಿಟ್ಟುಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಒಬ್ಬರು ‘ಗೆದ್ದೆ’ ಎಂದಾಗ ಉಳಿದವರಿಗೆ ಆಟ ಸಪ್ಪೆ ಅನಿಸುತ್ತದೆ. ತಪ್ಪು ಆಟದ್ದಲ್ಲ. ಶುರು ಮಾಡುವ ಮುನ್ನ ಪ್ರತಿಯೊಬ್ಬರೂ ತಮ್ಮ ಖಳನ ಗುರಿಯನ್ನು ಎದ್ದು ಗಟ್ಟಿಯಾಗಿ ಹೇಳಬೇಕು, ಎಲ್ಲರ ಕೈಪಿಡಿಯನ್ನೂ ಎಲ್ಲರೂ ಓದಲು ಬಿಡಬೇಕು. ಗುರಿಗಳು ಗುಟ್ಟಲ್ಲ. ಯಾರು ಎಷ್ಟು ಹತ್ತಿರ ಬಂದಿದ್ದಾರೆಂದು ಪ್ರತಿ ಸುತ್ತಿಗೊಮ್ಮೆ ಕೇಳುವುದು ಒಳ್ಳೆಯ ಪದ್ಧತಿ.

ಎರಡನೆಯ ತಪ್ಪು ಎಲೆ ಜೋಪಾನ ಮಾಡುವುದು. ನಾಲ್ಕೂ ಎಲೆ ‘ಮುಂದೆ ಬೇಕಾಗುತ್ತದೆ’ ಎಂದು ಹಿಡಿದು ಕೂತರೆ ಹೊಸ ಎಲೆ ಬರುವುದೇ ಇಲ್ಲ, ಏಕೆಂದರೆ ನಾಲ್ಕು ತುಂಬುವಷ್ಟು ಮಾತ್ರ ಎಳೆಯಬಹುದು. 30 ಎಲೆಯ ಕಟ್ಟಿನ ತಳದಲ್ಲಿ ನಿಮಗೆ ಬೇಕಾದ ಎಲೆ ಮಲಗಿರುತ್ತದೆ. ಎಲೆ ಬಿಸಾಡುವ ಕೆಲಸವನ್ನು ಸೋಲೆಂದು ತಿಳಿಯಬೇಡಿ. ಕಟ್ಟು ಮುಗಿದರೆ ಬಿಸಾಡಿದ್ದನ್ನು ಕಲೆಸಿ ಮತ್ತೆ ಕಟ್ಟು ಮಾಡಿಕೊಳ್ಳುತ್ತೀರಿ, ಏನೂ ಕಳೆದುಹೋಗುವುದಿಲ್ಲ. ಬಲ್ಲವರ ಕೈಯಲ್ಲಿ ಈ ಆಟ ಬೇಗ ಮುಗಿಯುವುದಕ್ಕೆ ದೊಡ್ಡ ಕಾರಣ ಇದೊಂದೇ.

ಇನ್ನು ಖಳರ ಕಡೆಗೆ. ಅಭಿಮಾನಿಗಳ ವಾದದಲ್ಲಿ ಸಾಮಾನ್ಯವಾಗಿ ಮೊದಲು ಕೂಗುವ ಹೆಸರು ಮಲೆಫಿಸೆಂಟ್. ಕೊಂಬಿನ ಕಿರೀಟ, ಹಸಿರು ಬೆಂಕಿ, ಭುಜದ ಮೇಲೊಂದು ಕಾಗೆ: ನೋಟಕ್ಕೆ ಇವಳನ್ನು ಮೀರಿಸುವವರಿಲ್ಲ. ಚಾಪೆಯ ಮೇಲೂ ಇವಳು ಗಟ್ಟಿ. ನಾಲ್ಕೂ ಜಾಗದಲ್ಲಿ ಒಂದೊಂದು ಶಾಪ ಇರುವಂತೆ ಮಾಡಿ ತನ್ನ ಸರದಿ ಶುರು ಮಾಡಿದರೆ ಗೆಲುವು. ಶಾಪಗಳು ಮೂರು ಬಗೆ, ಮೂರಕ್ಕೂ ಬೇರೆ ಬೇರೆ ಮುರಿಯುವ ದಾರಿ. ಮುಳ್ಳಿನ ಕಾಡು ಇರುವ ಜಾಗಕ್ಕೆ ಬಲ 4 ಅಥವಾ ಹೆಚ್ಚಿನ ಹೀರೋ ಮಾತ್ರ ಬರಬಹುದು, ಬಂದರೆ ಶಾಪ ಹೋಗುತ್ತದೆ. ಕನಸಿಲ್ಲದ ನಿದ್ದೆ ಅಲ್ಲಿನ ಹೀರೋಗಳ ಬಲವನ್ನು 2 ಇಳಿಸುತ್ತದೆ, ಆದರೆ ಅವಳ ಬಂಟನನ್ನೇ ಅಲ್ಲಿ ಆಡಿದರೆ ಹೋಗುತ್ತದೆ. ಹಸಿರು ಬೆಂಕಿ ಇರುವಲ್ಲಿಗೆ ಯಾವ ಹೀರೋನನ್ನೂ ಆಡುವಂತಿಲ್ಲ, ಆದರೆ ಮಲೆಫಿಸೆಂಟ್ ತಾನೇ ಅಲ್ಲಿಗೆ ಕಾಲಿಟ್ಟರೆ ಆರಿಹೋಗುತ್ತದೆ. ಮಕ್ಕಳು ಹಸಿರು ಬೆಂಕಿಯೇ ಎಲ್ಲಕ್ಕಿಂತ ಭದ್ರ ಎಂದು ಮೂರು ಜಾಗಕ್ಕೆ ಹಚ್ಚಿಬಿಡುತ್ತಾರೆ. ಆದರೆ ಪ್ರತಿ ಸರದಿಯಲ್ಲೂ ನಡೆಯಲೇಬೇಕಲ್ಲ? ನಾಲ್ಕನೆಯ ಜಾಗದಿಂದ ಎಲ್ಲಿಗೆ ಹೋದರೂ ಒಂದು ಬೆಂಕಿ ಆರುತ್ತದೆ. ಎರಡು ಕಡೆ ಬೆಂಕಿ ಇಟ್ಟು, ಉಳಿದೆರಡರ ನಡುವೆ ಓಡಾಡುವುದು ಜಾಣತನ. ಇವಳ ಕಾಗೆಯನ್ನು ಬೇಗ ಇಳಿಸಿ. ಇವಳು ನಡೆಯುವ ಮುನ್ನ ಕಾಗೆ ಬೇರೊಂದು ಜಾಗಕ್ಕೆ ಹಾರಿ ಅಲ್ಲಿನ ಒಂದು ಕೆಲಸ ಮಾಡಿ ಕೊಡುತ್ತದೆ, ವಿಧಿ ಕಳಿಸುವುದೊಂದನ್ನು ಬಿಟ್ಟು. ಎದುರು ಕೂತವರಿಗೆ ಮದ್ದು ಮೆರಿವೆದರ್. ಆ ಹೀರೋ ಇರುವ ಜಾಗಕ್ಕೆ ಶಾಪ ಹಾಕಲು ಬರುವುದಿಲ್ಲ.

ನೋಟಕ್ಕೆ ಮಲೆಫಿಸೆಂಟ್ ಎಂಬುದನ್ನು ಒಪ್ಪಿದರೂ, ಖಳತನಕ್ಕೆ ನನ್ನ ಮತ ಕ್ಯಾಪ್ಟನ್ ಹುಕ್‌ಗೆ. ಕಾರಣ ಅವನ ಗುರಿಯಲ್ಲೇ ಇದೆ. ಉಳಿದವರಲ್ಲಿ ಹೆಚ್ಚಿನವರಿಗೆ ಹೀರೋ ಬಾರದಿದ್ದರೆ ಒಳ್ಳೆಯದು ಅಥವಾ ಬಂದರೆ ಬರಲಿ, ದಾಟಿಕೊಂಡು ಹೋಗುವ ಎಂಬ ಧೋರಣೆ. ಹುಕ್‌ಗೆ ಪೀಟರ್ ಪ್ಯಾನ್ ಬರಲೇಬೇಕು, ತನ್ನ ಹಡಗಾದ ಜಾಲಿ ರಾಜರ್‌ಗೇ ಬರಬೇಕು, ಅಲ್ಲೇ ಸಾಯಬೇಕು. ಪೀಟರ್ ಪ್ಯಾನ್ ಇರುವುದು ಹುಕ್‌ನ ವಿಧಿಯ ಕಟ್ಟಿನೊಳಗೆ. ಎಲ್ಲರೂ ಹೆದರುವ ಆ ಕಟ್ಟನ್ನು ಇವನು ತಾನೇ ಅಗೆಯಬೇಕು. ಅದಕ್ಕೂ ಮೊದಲು ಹಲಗೆಯ ಬಲತುದಿಯ ಹ್ಯಾಂಗ್‌ಮ್ಯಾನ್ಸ್ ಟ್ರೀಗೆ ಬಿದ್ದ ಬೀಗವನ್ನು ನೆವರ್‌ಲ್ಯಾಂಡ್ ನಕ್ಷೆ ಆಡಿ ತೆರೆಯಬೇಕು. ಪೀಟರ್ ಪ್ಯಾನ್ ಕಾಲಿಡುವುದು ಅಲ್ಲಿ. ಅವನ ಬಲ 8. ಅಲ್ಲಿಂದ ಒಂದೊಂದೇ ಜಾಗ ಸರಿಸುತ್ತ ಮೂರು ಹೆಜ್ಜೆಗೆ ಎಡತುದಿಯ ಹಡಗಿಗೆ ತರಬೇಕು, ಅಷ್ಟರಲ್ಲಿ 8ಕ್ಕೆ ಕಡಿಮೆಯಿಲ್ಲದಷ್ಟು ಬಂಟರು ಹಡಗಿನಲ್ಲಿ ಜಮಾಯಿಸಿರಬೇಕು. ವೈರಿಯನ್ನು ತಾನೇ ಹುಡುಕಿ, ಕೈಹಿಡಿದು ಮನೆಗೆ ಕರೆತರುವ ಈ ಹಠ ದೊಡ್ಡದು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ಕೌರವ ಭೀಮನ ಕೂಗಿಗೆ ಎದ್ದು ಬಂದ ಹಾಗೆ, ವೈರವಿಲ್ಲದೆ ಇವನಿಗೆ ಬದುಕಿಲ್ಲ.

ಹುಕ್ ಆಡುವವರು ಸೋಲುವುದು ಹೆಚ್ಚಾಗಿ ಕ್ರಮ ತಪ್ಪಿ. ನಕ್ಷೆ ಸಿಕ್ಕ ಸಂಭ್ರಮದಲ್ಲಿ ಬಂಟರಿಲ್ಲದೆ ಪೀಟರ್ ಪ್ಯಾನ್‌ನನ್ನು ಎಬ್ಬಿಸಿದರೆ ಅವನು ಮೇಲಿನ ಎರಡು ಕೆಲಸ ಮುಚ್ಚಿಕೊಂಡು ಕೂತುಬಿಡುತ್ತಾನೆ. ಸಣ್ಣಪುಟ್ಟ ಹೀರೋಗಳ ಮೇಲೆ ಬಂಟರನ್ನೆಲ್ಲ ಸುರಿದರೂ ಅಷ್ಟೇ. ದಾರಿಗೆ ಅಡ್ಡವಿಲ್ಲದ ಹೀರೋಗಳನ್ನು ಇರಲಿ ಎಂದು ಬಿಡುವುದೇ ಲೇಸು. ಎದುರಾಳಿಗಳೂ ಒಂದು ತಪ್ಪು ಮಾಡುತ್ತಾರೆ: ಹುಕ್‌ಗೆ ಪದೇ ಪದೇ ವಿಧಿ ಕಳಿಸಿ ಅವನ ಕಟ್ಟನ್ನು ತಾವೇ ತೆಳ್ಳಗೆ ಮಾಡಿಕೊಡುತ್ತಾರೆ. ಅವನು ಹುಡುಕುತ್ತಿರುವವನು ಅದೇ ಕಟ್ಟಿನಲ್ಲಿದ್ದಾನೆ ಎಂಬುದು ಮರೆತುಹೋಗಿರುತ್ತದೆ. ಅವನ ಮೇಲೆ ವಿಧಿ ಕಳಿಸಬೇಕಾದದ್ದು ಪೀಟರ್ ಪ್ಯಾನ್ ಹೊರಬಂದು ಹಡಗಿನ ದಾರಿ ಹಿಡಿದ ಮೇಲೆ.

ಅರ್ಸುಲಾ ಬುದ್ಧಿಯವಳು, ಕಷ್ಟದವಳೂ ಹೌದು. ಇವಳ ಹಲಗೆಯಲ್ಲಿ ‘ಕೆಡವು’ ಎಂಬ ಕೆಲಸವೇ ಇಲ್ಲ. ಹೀರೋಗೆ ಕರಾರುಪತ್ರ ಅಂಟಿಸಿ, ಪತ್ರದಲ್ಲಿ ಹೇಳಿದ ಜಾಗಕ್ಕೆ ಅವನನ್ನು ಸರಿಸಿದರೆ ಅವನು ಸೋತಂತೆ. ಬೀಗ ಅರಮನೆಗೂ ಇವಳ ಗವಿಗೂ ನಡುವೆ ಓಡಾಡುತ್ತದೆ, ರೂಪ ಬದಲಿಸುವ ಎಲೆಯಿಂದ. ತ್ರಿಶೂಲವೂ ಕಿರೀಟವೂ ಗವಿಯಲ್ಲಿದ್ದಾಗ ಸರದಿ ಶುರುವಾಗಬೇಕು. ಬಲದಿಂದಲ್ಲ, ಸಹಿಯಿಂದ ಸೋಲಿಸುವ ಖಳ ಎಂಬ ಕಲ್ಪನೆ ಬಹಳ ಚೆನ್ನಾಗಿದೆ, ಶಕುನಿಯನ್ನು ಮೆಚ್ಚುವವರು ಇವಳನ್ನು ಆರಿಸಿಕೊಳ್ಳಲಿ. ಮೊದಲ ಸಲ ಆಡುವವರ ಕೈಗೆ ಮಾತ್ರ ಕೊಡಬೇಡಿ. ಕಾರಣ ಸರಳ: ಬೀಗ ತಪ್ಪು ಕಡೆ ಇದ್ದಾಗ ಬೇಕಾದ ಎಲೆ ಕೈಯಲ್ಲಿದ್ದರೂ ಉಪಯೋಗವಿಲ್ಲ.

ಕ್ವೀನ್ ಆಫ್ ಹಾರ್ಟ್ಸ್ ತನ್ನ ಕಾವಲಿನ ಇಸ್ಪೀಟು ಸೈನಿಕರನ್ನು ಬಗ್ಗಿಸಿ ಕ್ರೋಕೆ ಆಟದ ಕಮಾನುಗಳನ್ನಾಗಿ ಮಾಡಬೇಕು, ನಾಲ್ಕೂ ಜಾಗದಲ್ಲಿ ಕಮಾನು ನಿಂತ ಮೇಲೆ ಚೆಂಡು ಹೊಡೆಯಬೇಕು. ಹೊಡೆಯುವುದೆಂದರೆ ಕಟ್ಟಿನ ಮೇಲಿನ ಐದು ಎಲೆ ತಿರುವುವುದು. ಆ ಐದರ ಬೆಲೆ ಕೂಡಿದರೆ ಕಮಾನುಗಳ ಬಲದ ಮೊತ್ತಕ್ಕಿಂತ ಕಡಿಮೆ ಇರಬೇಕು. ಇದನ್ನು ಬರೀ ಅದೃಷ್ಟ ಎಂದು ದೂರುವವರು ಬಿಸಾಡಿದ ಎಲೆಗಳನ್ನು ಲೆಕ್ಕ ಇಡದವರು. ದುಬಾರಿ ಎಲೆಗಳು ಬಿಸಾಡಿದ ರಾಶಿಗೆ ಹೋಗಿದ್ದರೆ ಉಳಿದ ಕಟ್ಟು ಹಗುರ, ಆಗ ಹೊಡೆಯಿರಿ. ಕಟ್ಟು ಮುಗಿದು ಮತ್ತೆ ಕಲೆಸುವವರೆಗೆ ಕಾದರೆ ಆ ಅನುಕೂಲ ಹೋಯಿತು.

ಜಾಫರ್‌ನದು ಉದ್ದದ ಹಾದಿ. ಪದಕದ ಎಲೆಯಿಂದ ಗವಿಯ ಬೀಗ ತೆರೆದು, ದೀಪ ಆಡಿ, ಜೀನಿಯನ್ನು ವಶ ಮಾಡಿಕೊಂಡು, ದೀಪವನ್ನು ಸುಲ್ತಾನನ ಅರಮನೆಗೆ ಸಾಗಿಸಬೇಕು. ಐದಾರು ಜನರ ಆಟದಲ್ಲಿ ಇವನನ್ನು ಹಿಡಿದವರು ತಾಳ್ಮೆ ಇಟ್ಟುಕೊಳ್ಳಬೇಕು. ಪ್ರಿನ್ಸ್ ಜಾನ್‌ಗೆ ಬೇಕಾದದ್ದು 20 ಶಕ್ತಿ, ಅಷ್ಟು ಕೈಯಲ್ಲಿಟ್ಟುಕೊಂಡು ಸರದಿ ಶುರು ಮಾಡಿದರೆ ಮುಗಿಯಿತು. ಖಳನಾಗಿ ಇವನು ಆರರಲ್ಲಿ ಎಲ್ಲರಿಗಿಂತ ತೆಳು, ದುಡ್ಡಿನಾಚೆ ಇವನಿಗೆ ಏನೂ ಬೇಡ. ಆದರೆ ಕಲಿಯುವವರಿಗೆ ಇವನೇ ಗುರು. ಹತ್ತು ವರ್ಷದ ಮಗುವಿಗೆ ಇವನನ್ನು ಕೊಡಿ, ಬೀಗವಿಲ್ಲ, ಶಾಪವಿಲ್ಲ, ಎಣಿಸುವುದು ಮಾತ್ರ. 15 ದಾಟಿದಾಗ ಉಳಿದವರು ಎಚ್ಚರಗೊಳ್ಳಬೇಕು, 18ಕ್ಕೆ ಎಚ್ಚರಗೊಂಡರೆ ತಡವಾಯಿತು.

ಎಷ್ಟು ಜನ ಕೂರಬೇಕು? ಮೂರು, ಹೆಚ್ಚೆಂದರೆ ನಾಲ್ಕು. ಒಬ್ಬರಿಗೆ ಇಪ್ಪತ್ತು ನಿಮಿಷದ ಲೆಕ್ಕ ಹಿಡಿದರೆ ನಾಲ್ವರಿಗೆ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಆರು ಮಂದಿ ಕೂತರೆ ಒಮ್ಮೆ ಆಡಿ ಮತ್ತೆ ಸರದಿ ಬರುವಷ್ಟರಲ್ಲಿ ಚಹಾ ಮಾಡಿಕೊಂಡು ಬರಬಹುದು, ಮಕ್ಕಳು ಮೊಬೈಲ್ ಹಿಡಿಯುತ್ತಾರೆ. ಐದಾರು ಜನರಿದ್ದಾಗ ಒಬ್ಬರ ಮೇಲೇ ಎಲ್ಲರೂ ವಿಧಿ ಕಳಿಸದಂತೆ ಒಂದು ಬಿಲ್ಲೆ ಇದೆ. ಈಗಷ್ಟೇ ಪೆಟ್ಟು ತಿಂದವರ ಕೈಗೆ ಅದು ಹೋಗುತ್ತದೆ, ಬೇರೆಯವರಿಗೆ ಪೆಟ್ಟು ಬೀಳುವ ತನಕ ಅವರು ಸುರಕ್ಷಿತ. ಇಬ್ಬರೇ ಆಡಿದರೆ ಆಟ ಬೇಗ ಮುಗಿಯುತ್ತದೆ, ಆದರೆ ಮೂರನೆಯವರನ್ನು ಎತ್ತಿಕಟ್ಟುವ ಮಾತಿನ ಸುಖ ಇರುವುದಿಲ್ಲ.

ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ನಾಲ್ಕು ಹಲಗೆ, ಅವುಗಳ ಮೇಲೆ ಕೆಳಗೆ ಸಾಲುಗಟ್ಟುವ ಎಲೆಗಳು ಎಲ್ಲ ಸೇರಿ ಊಟದ ಮೇಜು ಸಾಲುವುದಿಲ್ಲ. ನೆಲಕ್ಕೆ ದೊಡ್ಡ ಚಾಪೆ ಹಾಸಿ, ಮಧ್ಯೆ ಕೊಪ್ಪರಿಗೆ ಇಟ್ಟು, ಸುತ್ತ ಕೂರುವುದು ಒಳ್ಳೆಯದು. ಹಲಗೆಯ ಮೇಲ್ಗಡೆ ಹೀರೋಗಳಿಗೆ, ಕೆಳಗಡೆ ಬಂಟರಿಗೆ ಒಂದೊಂದು ಗೇಣು ಜಾಗ ಬಿಡಿ. ಫ್ಯಾನ್ ದೊಡ್ಡ ವೈರಿ, ಎಲೆಗಳು ಹಾರಿ ಯಾವ ಹೀರೋ ಎಲ್ಲಿದ್ದ ಎಂಬುದೇ ತಿಳಿಯದಂತಾಗುತ್ತದೆ. ಫ್ಯಾನ್ ನಿಲ್ಲಿಸಿದರೆ ಸೆಕೆ. ಎಲೆಗಳಿಗೆ ಪ್ಲಾಸ್ಟಿಕ್ ಕವಚ ಹಾಕಿದರೆ ತೂಕ ಬಂದು ನಿಲ್ಲುತ್ತವೆ. 270 ಕವಚ ಬೇಕು. ಕೊಳ್ಳುವ ಮೊದಲು ಒಂದು ಎಲೆಯ ಉದ್ದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದುಕೊಂಡು ಹೋಗಿ, ಇಸ್ಪೀಟಿನ ಅಳತೆ ಎಂದು ಬಾಯಿಮಾತಿಗೆ ತಂದರೆ ಸಡಿಲವಾಗಬಹುದು. ಖಳನ ಕಟ್ಟಿಗೂ ವಿಧಿಯ ಕಟ್ಟಿಗೂ ಹಿಂಬದಿ ಬೇರೆ ಬೇರೆ, ಆದ್ದರಿಂದ ಪಾರದರ್ಶಕ ಕವಚವೇ ಆಗಬೇಕು.

ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವಕ್ಕೆ ಕವಚವಿಲ್ಲದ ಎಲೆಗಳು ಹಪ್ಪಳದಂತೆ ಬಾಗುತ್ತವೆ. ಬಾಗಿದ ಎಲೆ ಕಟ್ಟಿನಲ್ಲಿ ಗುರುತು ಸಿಗುತ್ತದೆ, ಗುರುತು ಸಿಕ್ಕರೆ ಆಟಕ್ಕೆ ಅರ್ಥವಿಲ್ಲ. ಡಬ್ಬಿಯನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಾಗಲಿ ಬಚ್ಚಲ ಮೇಲಿನ ಲಾಫ್ಟ್‌ನಲ್ಲಾಗಲಿ ಇಡಬೇಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕೈದು ಒಳಗೆ ಹಾಕಿಡಿ. ಎಲೆಗಳಿಗೆ ರಬ್ಬರ್ ಬ್ಯಾಂಡ್ ಬೇಡ, ಅಂಚು ಕಚ್ಚುತ್ತದೆ. ಖಳನಿಗೊಂದು ಜಿಪ್ ಚೀಲ: ಕಾಯಿ, 30 ಎಲೆ, 15 ಎಲೆ, ಕೈಪಿಡಿ. ಠಾಣೆಯ ನೆಂಟರ ಮನೆಗೆ ಲೋಕಲ್‌ನಲ್ಲಿ ಹೋಗುವಾಗ ದೊಡ್ಡ ಡಬ್ಬಿ ಹೊರುವ ಬದಲು ನಾಲ್ಕು ಚೀಲ, ನಾಲ್ಕು ಹಲಗೆ, ಬಿಲ್ಲೆಗಳನ್ನು ತೆಗೆದುಕೊಂಡು ಹೋದರೆ ಸಾಕು. ಕೊಪ್ಪರಿಗೆಯ ಬದಲು ಸ್ಟೀಲ್ ಬಟ್ಟಲು ನಡೆಯುತ್ತದೆ.

ಇನ್ನೂ ಖಳರು ಬೇಕೆನ್ನುವವರಿಗೆ ಮೂರು ಮೂರು ಖಳರ ಬೇರೆ ಡಬ್ಬಿಗಳಿವೆ. 2019ರ ‘ವಿಕೆಡ್ ಟು ದ ಕೋರ್’ನಲ್ಲಿ ಹೇಡಿಸ್, ಡಾಕ್ಟರ್ ಫೆಸಿಲಿಯೆ, ಈವಿಲ್ ಕ್ವೀನ್. ಅದೇ ವರ್ಷದ ‘ಈವಿಲ್ ಕಮ್ಸ್ ಪ್ರಿಪೇರ್ಡ್’ನಲ್ಲಿ ಸ್ಕಾರ್, ರಾಟಿಗನ್, ಇಜ್ಮಾ. 2020ರ ‘ಪರ್ಫೆಕ್ಟ್ಲಿ ರೆಚೆಡ್’ನಲ್ಲಿ ಕ್ರುಯೆಲಾ, ಮದರ್ ಗೋಥೆಲ್, ಪೀಟ್. ಇವನ್ನು ದೊಡ್ಡ ಡಬ್ಬಿ ಇಲ್ಲದೆಯೂ ಆಡಬಹುದು, ಅದರ ಜೊತೆ ಬೆರೆಸಲೂಬಹುದು. ಮಾರ್ವೆಲ್ ಹೆಸರಿನಲ್ಲಿ 2020ರಲ್ಲಿ ಬಂದದ್ದು ಬೇರೆಯೇ ಆಟ, ಅಲ್ಲಿ ಎಲ್ಲರಿಗೂ ಸೇರಿ ಒಂದೇ ವಿಧಿಯ ಕಟ್ಟು. ಹೆಸರು ನೋಡಿ ಅದನ್ನು ತಂದು ಇದರೊಡನೆ ಸೇರಿಸಲು ಹೋಗಬೇಡಿ. ಇಬ್ಬರು ಮೂವರೇ ಇರುವ ಮನೆಗೆ ಮೂರು ಖಳರ ಡಬ್ಬಿಯಿಂದ ಶುರು ಮಾಡುವುದೂ ಸರಿಯೇ. ಆದರೆ ಅದಕ್ಕೆ ದೊಡ್ಡ ಡಬ್ಬಿಯ ಅರ್ಧಕ್ಕಿಂತ ಹೆಚ್ಚು ಬೆಲೆ ಕೇಳಿದರೆ ದೊಡ್ಡದನ್ನೇ ತನ್ನಿ. ಇಜ್ಮಾಳನ್ನು ಮೊದಲಿಗೆ ಮುಟ್ಟಬೇಡಿ, ಅವಳ ವಿಧಿಯ ಕಟ್ಟು ನಾಲ್ಕು ಭಾಗವಾಗಿ ಹಲಗೆಯ ಮೇಲೆ ಹರಡುತ್ತದೆ, ಹೊಸಬರಿಗೆ ಗೊಂದಲ.

ಕೊನೆಯದಾಗಿ ಆಡುವ ರೀತಿಯ ಒಂದು ಸಲಹೆ, ಕನ್ನಡದ ಮನೆಗಳಿಗೆ ಮಾತ್ರ. ಖಳನನ್ನು ಚೀಟಿ ಎತ್ತಿ ಹಂಚಿ. ಎಲೆ ಹಂಚುವ ಮುನ್ನ ಪ್ರತಿಯೊಬ್ಬರಿಗೂ ಎರಡು ನಿಮಿಷ: ತಾಳಮದ್ದಳೆಯ ಅರ್ಥಧಾರಿಯಂತೆ ಕೂತಲ್ಲೇ ತನ್ನ ಖಳನ ಪಕ್ಷ ಹಿಡಿದು, ‘ನಾನು’ ಎಂದೇ ಮಾತಾಡಬೇಕು. ಅವನಿಗೆ ಬೇಕಾದದ್ದು ಅವನಿಗೆ ಏಕೆ ಸಲ್ಲಬೇಕು ಎಂದು ವಾದಿಸಬೇಕು. ಮನೆಯಲ್ಲಿ ವಜ್ರಮುನಿಯ ದನಿ ತೆಗೆಯಬಲ್ಲ ಮಾವ ಇದ್ದರೆ ಹುಕ್‌ನ ಚೀಟಿ ಅವರಿಗೇ ಬೀಳಲಿ ಎಂದು ಹಾರೈಸಿ. ಇದರಿಂದ ಎಲ್ಲರ ಗುರಿಯೂ ಎಲ್ಲರಿಗೂ ತಿಳಿಯುತ್ತದೆ, ಮೊದಲ ಆಟದಲ್ಲಿ ಆಗುವ ಆ ದೊಡ್ಡ ತಪ್ಪು ತಾನಾಗಿ ತಪ್ಪುತ್ತದೆ. ಕನ್ನಡ ಮಾತಾಡಲು ಅಳುಕುವ ಮಕ್ಕಳಿಗೆ ನಾಲ್ಕು ವಾಕ್ಯ ಬರೆದು ಓದಲು ಬಿಡಿ. ಆಟ ಮುಗಿದ ಮೇಲೆ ಯಾರು ಮೇಲು ಎಂದು ಕೈ ಎತ್ತಿಸಿ. ಗೆದ್ದ ಖಳನಿಗೂ ಹೆಚ್ಚು ಕೈ ಎದ್ದ ಖಳನಿಗೂ ಬೇರೆ ಬೇರೆ ಲೆಕ್ಕ ಇಡಿ, ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ಬರೆಯಲು ಬೇಕಾದಷ್ಟು ಜಾಗವಿದೆ.